ಭಾರ ಬಿದ್ದಾಗ ಹಳಿ ಏನು ಮಾಡುತ್ತದೆ?

ಹುಬ್ಬಳ್ಳಿಯಿಂದ ದಾವಣಗೆರೆ ಕಡೆ ಹೊರಟ ರೈಲು ಕುಂದಗೋಳ, ಸಂಶಿ ದಾಟಿ ಗುಡಗೇರಿಗೆ ಬರುವಷ್ಟರಲ್ಲಿ ಎರಡೂ ಬದಿಗೆ ಎರೆಹೊಲಗಳೇ. ಹತ್ತಿ, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ ಬೆಳೆಯುವವರಿಗೆ ಈ ಮಣ್ಣು ಬಂಗಾರ. ರೈಲ್ವೆ ಎಂಜಿನಿಯರಿಗೆ ತಲೆನೋವು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಇಂಥ ಮಣ್ಣಿನ ಏರಿಯ ಮೇಲೆ ಹಾಸಿದ ಖಡಿ, ಎರೆ ನೆನೆದಾಗ ನಿಧಾನವಾಗಿ ಒಳಗಿಳಿಯುತ್ತದೆ. ಇಳಿದಲ್ಲಿ ನೀರು ನಿಂತು ಕೆಸರು ಮೇಲೆ ಬರುತ್ತದೆ, ಸ್ಲೀಪರಿನ ಅಡಿ ಟೊಳ್ಳಾಗುತ್ತದೆ. ರೈಲು ಇಲ್ಲದಾಗ ಕಂಬಿಯೇ ಆ ಸ್ಲೀಪರನ್ನು ಎತ್ತಿ ಹಿಡಿದಿರುವುದರಿಂದ ನೋಡುವವರಿಗೆ ಎಲ್ಲ ಸಮ. ಗಾಲಿ ಬಂದ ಕ್ಷಣ ಕುಸಿಯುತ್ತದೆ, ಹೋದ ಮೇಲೆ ಮತ್ತೆ ಏನೂ ಆಗದಂತೆ ಮೇಲೇಳುತ್ತದೆ. ಹಳಿ ಪರೀಕ್ಷೆಯ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ತೊಡಕೇ: ಖಾಲಿ ಹಳಿಯನ್ನು ಎಷ್ಟು ನೋಡಿದರೂ ಭಾರ ಹೊತ್ತ ಹಳಿ ಅರ್ಥವಾಗುವುದಿಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಸೀಮೆಗೆ ಮೀಟರ್ ಗೇಜ್ ತಂದಾಗ ಪರೀಕ್ಷೆಯೆಂದರೆ ನಡಿಗೆ. ಕೀಮನ್ ತನ್ನ ಪಾಲಿನ ಕೆಲವು ಕಿಲೋಮೀಟರಿನುದ್ದ ದಿನವೂ ನಡೆಯುತ್ತಾನೆ: ಹೋಗುವಾಗ ಒಂದು ಕಂಬಿ, ಬರುವಾಗ ಇನ್ನೊಂದು. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ. ಸಡಿಲಾದ ಕೀಲಿಗೆ ಏಟು ಹಾಕಿ ಕೂರಿಸುವುದು, ಫಿಶ್‌ಪ್ಲೇಟಿನ ಬೋಲ್ಟ್ ಬಿಗಿಯುವುದು ಅವನ ಕೆಲಸ. ಕಾಂಕ್ರೀಟ್ ಸ್ಲೀಪರ್ ಬಂದ ಮೇಲೆ ಕೀಲಿಗಳು ಹೋಗಿ ಸ್ಪ್ರಿಂಗಿನಂಥ ಕ್ಲಿಪ್ಪುಗಳು ಬಂದವು, ಹುದ್ದೆಯ ಹೆಸರು ಮಾತ್ರ ಉಳಿಯಿತು. ಅವನ ಮೇಲಿನ ಇನ್ಸ್‌ಪೆಕ್ಟರ್ ಬರುತ್ತಿದ್ದದ್ದು ನಾಲ್ವರು ನೂಕುವ ಟ್ರಾಲಿಯಲ್ಲಿ. ಟ್ರಾಲಿಗಾಗಲಿ ಕೀಮನ್‌ಗಾಗಲಿ ಕಂಬಿ ಬಗ್ಗಿಸುವಷ್ಟು ತೂಕವೆಲ್ಲಿಂದ ಬರಬೇಕು? ಅದಕ್ಕೇ ಅಧಿಕಾರಿಗಳು ಎಂಜಿನ್ನಿನಲ್ಲಿ, ಇಲ್ಲವೆ ರೈಲಿನ ಕೊನೆಯ ಬೋಗಿಯ ಹಿಂಗಿಟಕಿಯಲ್ಲಿ ಕುಳಿತು ಹೊಡೆತಗಳನ್ನು ಮೈಯಿಂದ ಅಳೆಯುವ ರೂಢಿ ಬಂತು. ಅದು ಇಂದಿಗೂ ಇದೆ.

ಮೈಯ ಬದಲು ಯಂತ್ರ ಬರೆದಿಡಲಿ ಎಂಬ ಯೋಚನೆ ಅಮೆರಿಕದಲ್ಲಿ ಆಗಲೇ ಮೂಡಿತ್ತು. ಪ್ಲಿಮನ್ ಡಡ್ಲಿ ಎಂಬ ಎಂಜಿನಿಯರ್ 1880ರ ಆಸುಪಾಸಿನಲ್ಲಿ ಓಡಿಸಿದ ಬೋಗಿ, ಕಂಬಿ ತಗ್ಗಿದ ಜಾಗದಲ್ಲಿ ತಾನೇ ಬಣ್ಣ ಚಿಮ್ಮಿ ಗುರುತು ಹಾಕುತ್ತಿತ್ತು. ಹಿಂದೆ ಬರುವ ಗ್ಯಾಂಗಿಗೆ ಇದಕ್ಕಿಂತ ಸರಳ ವರದಿ ಬೇಕಿರಲಿಲ್ಲ. ಫ್ರಾನ್ಸಿನ ಹ್ಯಾಲೇಡ್ ಯಂತ್ರ ಬೋಗಿಯ ನೆಲದ ಮೇಲಿಟ್ಟು ತೂಗಾಟವನ್ನು ಕಾಗದದ ಮೇಲೆ ಗೀಚಿಸುವ ಪೆಟ್ಟಿಗೆ. ಅದು ಭಾರತಕ್ಕೂ ಬಂತು. ಬಳಿಕ ಬಂದ ಸ್ವಿಟ್ಜರ್ಲೆಂಡಿನ ಆಮ್ಸ್ಲರ್ ಬೋಗಿ ಹಳಿಯನ್ನೇ ಮುಟ್ಟಿ ಅಳೆಯಿತು. ಗಾಲಿಗಳ ಏರಿಳಿತ ಸರಳು ತಂತಿಗಳ ಮೂಲಕ ಪೆನ್ನುಗಳಿಗೆ ಸಾಗಿ, ಉರುಳುವ ಕಾಗದದ ಮೇಲೆ ಗೆರೆಗಳಾಗುತ್ತಿದ್ದವು. ಹೊಡೆತ ಯಾವ ಕಿಲೋಮೀಟರಿನಲ್ಲಿ ಬಿತ್ತೆಂಬುದಕ್ಕೆ ಕಿಟಕಿಯಿಂದ ಕಲ್ಲು ನೋಡಿ ಗುಂಡಿ ಒತ್ತುವ ಮನುಷ್ಯನೇ ಆಧಾರ. ಅವನು ತಡಮಾಡಿದರೆ ಗ್ಯಾಂಗು ಬೇರೆಡೆ ಖಡಿ ತುಂಬಿಸಿ ಬರಬೇಕಾಗಿತ್ತು.

ನಮ್ಮಲ್ಲಿ ಈ ಕೆಲಸಕ್ಕೆ ಶಿಸ್ತು ತಂದದ್ದು 1957ರಲ್ಲಿ ಹುಟ್ಟಿದ ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ. ಅದರ ಟ್ರ್ಯಾಕ್ ರೆಕಾರ್ಡಿಂಗ್ ಕಾರುಗಳು ದೇಶವೆಲ್ಲ ಸುತ್ತಿ ಗೇಜು, ಎರಡು ಕಂಬಿಗಳ ನಡುವಿನ ಅಡ್ಡಮಟ್ಟ, ತಿರುಚು, ಉದ್ದಕ್ಕಿನ ಏರಿಳಿತ, ಪಕ್ಕಕ್ಕಿನ ಸೊಟ್ಟ ಇವನ್ನೆಲ್ಲ ದಾಖಲಿಸಿದವು. ಎಲ್ಲ ಸೇರಿಸಿ ಟಿಜಿಐ ಎಂಬ ಒಂದೇ ಅಂಕ ಕೊಡುವ ಪದ್ಧತಿ ಬಂತು. ಅದರ ಸೂತ್ರ ಕುತೂಹಲದ್ದು. ಹತ್ತು ಪಾಲಿನಲ್ಲಿ ಆರು ಪಾಲು ಪಕ್ಕದ ಸೊಟ್ಟಕ್ಕೆ, ಎರಡು ಏರಿಳಿತಕ್ಕೆ, ತಿರುಚಿಗೂ ಗೇಜಿಗೂ ಒಂದೊಂದೇ. ಅಂಕ 80 ದಾಟಿದರೆ ಹಳಿಯನ್ನು ಮುಟ್ಟುವುದು ಬೇಡ. 36ಕ್ಕಿಂತ ಇಳಿದರೆ ತಕ್ಷಣ ದುರಸ್ತಿ. ಒಂದು ಕಿಲೋಮೀಟರಿಗೆ ಒಂದು ಅಂಕವೆಂದರೆ ಯೋಜನೆ ಹಾಕುವವರಿಗೆ ಅನುಕೂಲ, ನಿಜ. ಆದರೆ ಎರೆಮಣ್ಣು ಕಿಲೋಮೀಟರ್ ಲೆಕ್ಕದಲ್ಲಿ ಕುಸಿಯುವುದಿಲ್ಲ. ಒಂದು ಮೋರಿಯ ಪಕ್ಕದ ಹತ್ತು ಸ್ಲೀಪರ್ ಕೂತರೆ ಉಳಿದ ಒಳ್ಳೆಯ ಹಳಿಯ ಸರಾಸರಿ ಅದನ್ನು ನುಂಗಿಬಿಡುತ್ತದೆ. ಅದಕ್ಕೇ ಅನುಭವಿಗಳು ಅಂಕಕ್ಕಿಂತ ಮೊದಲು ಗ್ರಾಫಿನ ಚೂಪುಗಳನ್ನು ನೋಡುತ್ತಾರೆ.

ಹಳಿಯ ಆಕಾರದ ಮಾತು ಇದಾಯಿತು. ಉಕ್ಕಿನ ಒಳಗಿನ ರೋಗಕ್ಕೆ ಬೇರೆಯೇ ದಾರಿ ಬೇಕಾಯಿತು. 1911ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರಿನಲ್ಲಿ ಕಂಬಿ ತುಂಡಾಗಿ ರೈಲು ಉರುಳಿ 29 ಜನ ಸತ್ತರು. ಮುರಿದ ಉಕ್ಕಿನೊಳಗೆ ಹೊರಗೆ ಕಾಣದ ಅಡ್ಡಸೀಳು ಸಿಕ್ಕಿತು. ಇಂಥದ್ದನ್ನು ಹುಡುಕಲು ಎಲ್ಮರ್ ಸ್ಪೆರಿ 1928ರಲ್ಲಿ ಓಡಿಸಿದ ಕಾರು ಕಂಬಿಗೆ ಭಾರಿ ವಿದ್ಯುತ್ ಹರಿಸಿ, ಸೀಳಿದ್ದಲ್ಲಿ ಕಾಂತಕ್ಷೇತ್ರ ಕದಡುವುದನ್ನು ಹಿಡಿಯುತ್ತಿತ್ತು. ಮುಂದೆ ಶ್ರವಣಾತೀತ ಅಲೆಗಳು ಬಂದವು, ಭಾರತೀಯ ರೈಲ್ವೆಗೆ 1960ರ ದಶಕದ ಮೊದಲಲ್ಲಿ. ಇಲ್ಲಿ ಅದು ಹೆಚ್ಚಾಗಿ ಕೈಯಿಂದ ತಳ್ಳುವ ಗಾಡಿ. ನೀರು ತೊಟ್ಟಿಕ್ಕುತ್ತಿರುತ್ತದೆ, ನೀರಿನ ಪದರವಿಲ್ಲದಿದ್ದರೆ ಅಲೆ ಉಕ್ಕಿಗೆ ಇಳಿಯುವುದಿಲ್ಲ. ಅಲೆ ಕಳಿಸುವ ಒಂದು ಪ್ರೋಬ್ ನೇರ ಕೆಳಕ್ಕೆ, 70 ಡಿಗ್ರಿಯವು ಹಿಂದಕ್ಕೂ ಮುಂದಕ್ಕೂ. ತಕ್ಷಣ ಬದಲಿಸಬೇಕಾದ ಕಂಬಿಗೆ ಕೆಂಪು ಬಣ್ಣದ ಮೂರು ಕತ್ತರಿ ಗುರುತು, ಕಣ್ಣಿಡಬೇಕಾದ್ದಕ್ಕೆ ಒಂದು. ಚಳಿಗಾಲದ ರಾತ್ರಿ ಗಸ್ತಿಗೆ ಮಹತ್ವವಿರುವುದೂ ಈ ಸೀಳುಗಳಿಂದಲೇ: ಉದ್ದಕ್ಕೂ ಬೆಸೆದ ಕಂಬಿ ಚಳಿಗೆ ಕುಗ್ಗಿ ಎಳೆದಾಗ ಸೀಳು ಬಾಯಿಬಿಡುತ್ತದೆ.

ಹೊರದೇಶಗಳಲ್ಲಿ ಇಡೀ ರೈಲೇ ಪ್ರಯೋಗಾಲಯವಾಯಿತು. ಜಪಾನಿನ ಹಳದಿ ಬಣ್ಣದ 'ಡಾಕ್ಟರ್ ಯೆಲ್ಲೋ' ಶಿಂಕಾನ್‌ಸೆನ್ ಹಳಿಯನ್ನು ಪ್ರಯಾಣಿಕ ರೈಲಿನ ವೇಗದಲ್ಲೇ ಪರೀಕ್ಷಿಸುತ್ತ ಬಂತು. ಅದರ ಎರಡು ರೈಲುಗಳಲ್ಲೊಂದು 2025ರ ಜನವರಿಯಲ್ಲಿ ನಿವೃತ್ತವಾಯಿತು. ಬ್ರಿಟನ್ನಿನಲ್ಲಿ 2000ದ ಅಕ್ಟೋಬರಿನಲ್ಲಿ ಹ್ಯಾಟ್‌ಫೀಲ್ಡ್ ಬಳಿ ಬಿರುಕು ಬಿಟ್ಟ ಕಂಬಿ ನುಚ್ಚುನೂರಾಗಿ ನಾಲ್ವರು ಸತ್ತರು. 2003ರಲ್ಲಿ ಅಲ್ಲಿಯೂ ಹಳದಿ ಅಳತೆ ರೈಲು ಹಳಿಗಿಳಿಯಿತು. ನಮ್ಮ ಈಗಿನ ಐಟಿಎಂಎಸ್ ಎಂಬ ಅಳತೆ ಬೋಗಿಗಳು ಹಳಿಯನ್ನು ಮುಟ್ಟುವುದೇ ಇಲ್ಲ. ಲೇಸರ್ ಮತ್ತು ಕ್ಯಾಮೆರಾ ಕಂಬಿಯ ಸವೆತ, ಕಳೆದುಹೋದ ಕ್ಲಿಪ್ಪು ಎಲ್ಲವನ್ನೂ ನೋಡುತ್ತವೆ, ಸ್ಥಳವನ್ನು ಜಿಪಿಎಸ್ ಹೇಳುತ್ತದೆ. ಇವುಗಳಿಗಿಂತ ನನಗೆ ಇಷ್ಟವಾಗುವುದು ಒಎಂಎಸ್ ಎಂಬ ಸಣ್ಣ ಪೆಟ್ಟಿಗೆ. ಮಾಮೂಲಿ ರೈಲಿನ ಬೋಗಿಯಲ್ಲಿಟ್ಟರೆ ಸಾಕು, ಎಲ್ಲಿ ಎಷ್ಟು ಕುಲುಕಿತೆಂದು ಬರೆದುಕೊಡುತ್ತದೆ. ವಿಶೇಷ ರೈಲಿಗಾಗಿ ತಿಂಗಳುಗಟ್ಟಲೆ ಕಾಯುವುದು ಬೇಡ.

1990ರ ದಶಕದಲ್ಲಿ ಬ್ರಾಡ್‌ಗೇಜ್ ಆದ ಹುಬ್ಬಳ್ಳಿ–ದಾವಣಗೆರೆ ಮಾರ್ಗದಲ್ಲಿ ಈಗ ಜೋಡಿಹಳಿ, ವಿದ್ಯುತ್ ತಂತಿ. 2023ರ ಜೂನ್ 27ರಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ಗುಡಗೇರಿಯಲ್ಲಿ ನಿಲ್ಲದೆ ಓಡುತ್ತಿದೆ. ಒಂದು ಹಳಿಯ ಏರಿ ನೂರಕ್ಕೂ ಹೆಚ್ಚು ಮಳೆಗಾಲ ಕಂಡದ್ದು, ಇನ್ನೊಂದರದ್ದು ಹೊಸ ಮಣ್ಣು. ಎರೆಯ ಮೇಲೆ ಮೊರಮಿನ ಹೊದಿಕೆ ಹಾಕಿ ಎಷ್ಟೇ ದಬ್ಬಿದರೂ ಹೊಸ ಏರಿ ಕೆಲವು ವರ್ಷ ಕೂರುತ್ತಲೇ ಇರುತ್ತದೆ. ಹೀಗಾಗಿ ಅಳತೆಯ ರೈಲು ಎಷ್ಟು ಸಲ ಬಂತೆನ್ನುವುದಕ್ಕಿಂತ ಯಾವಾಗ ಬಂತೆನ್ನುವುದು ಇಲ್ಲಿ ದೊಡ್ಡದು. ಏಪ್ರಿಲಿನ ಒಣ ಎರೆಯ ಮೇಲೆ ಬಂದ ಗ್ರಾಫ್ ಅಕ್ಟೋಬರಿನ ನೆನೆದ ಎರೆಗೆ ಸಾಕ್ಷಿಯಾಗದು. ಬೆಳವಲದ ಮಾರ್ಗಗಳ ಒಂದು ಓಟವಾದರೂ ಮಳೆ ಮುಗಿಯುವ ಹೊತ್ತಿಗೇ ಬೀಳಬೇಕು, ಹಿಂಗಾರಿ ಬಿತ್ತನೆ ನಡೆದಿರುವಾಗ.