ತಿರುಗಾಟವನ್ನು ಬರಮಾಡಿಕೊಂಡವರು

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ಹವ್ಯಾಸಿ ನಾಟಕ ಸಂಘವೇ ನೀನಾಸಮ್. ಕೆ.ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ ಅದು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ವನ್ನೂ ಆರಂಭಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಇಷ್ಟು ಎಲ್ಲರಿಗೂ ತಿಳಿದ ಚರಿತ್ರೆ.

ತಂಡವನ್ನು ಬರಮಾಡಿಕೊಂಡ ಊರುಗಳ ಸಂಘಟಕರನ್ನು ಕುರಿತು ಮಾತ್ರ ಬರೆದವರು ವಿರಳ. ನಮ್ಮೂರಿನಲ್ಲಿ ನಾನೂ ಸಹೋದ್ಯೋಗಿಗಳೂ ಶಾಲೆ ಬಿಟ್ಟ ಮೇಲೆ ಮನೆಮನೆಗೆ ಹೋಗಿ ಟಿಕೆಟ್ ಮಾರುತ್ತಿದ್ದೆವು, ಭಿತ್ತಿಪತ್ರ ಅಂಟಿಸುತ್ತಿದ್ದೆವು, ನಟರ ಊಟ-ವಸತಿಗೆ ಏರ್ಪಾಡು ಮಾಡುತ್ತಿದ್ದೆವು. ಕುರ್ಚಿಗಳು ಖಾಲಿ ಉಳಿದರೆ ಮರುವರ್ಷ ತಂಡವನ್ನು ಕರೆಯುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಟಿಕೆಟ್ ಕೊಂಡವರು ನಾಟಕಕ್ಕೆ ದಾನವಿತ್ತವರಲ್ಲ. ಅದನ್ನು ತಮ್ಮದೆಂದು ಒಪ್ಪಿಕೊಂಡವರು.

ಅಂದಿನ ಕರಪತ್ರ, ಲೆಕ್ಕದ ಪುಸ್ತಕಗಳು ನಿಮ್ಮ ಅಟ್ಟದಲ್ಲಿದ್ದರೆ ದಯವಿಟ್ಟು ಎಸೆಯದಿರಿ. ನಮ್ಮ ರಂಗಭೂಮಿಯ ಅರ್ಧ ಚರಿತ್ರೆ ಅವುಗಳಲ್ಲಿದೆ.