ಗುಂಡು ಮತ್ತು ಪಿಯಾನೊ: ಮಿಶ್‌ಲೀನ್ ಓಸ್ಟೆರ್ಮೆಯೆರಳ ಕ್ರೀಡಾಜೀವನ

ಕ್ರೀಡೆಯ ದಾಖಲೆಗಳು ಗೆದ್ದವರ ಹೆಸರನ್ನೂ ಅವರು ಸಾಧಿಸಿದ ಅಳತೆಯನ್ನೂ ನಮಗೆ ಉಳಿಸಿಕೊಡುತ್ತವೆ. ಆದರೆ ಆ ಅಳತೆ ಯಾವ ಸಂದರ್ಭದಲ್ಲಿ ಸಾಧ್ಯವಾಯಿತು, ಅದಕ್ಕೆ ಎದುರಾಳಿಗಳಾಗಿ ಯಾರಿದ್ದರು, ಯಾರು ಇರಲಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಚರಿತ್ರಕಾರನ ಹೊಣೆ. ೧೯೪೮ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಮಹಿಳೆಯರ ಗುಂಡು ಎಸೆತದ ಪ್ರಥಮ ಸ್ವರ್ಣಪದಕವನ್ನು ಪಡೆದ ಫ್ರಾನ್ಸಿನ ಮಿಶ್‌ಲೀನ್ ಓಸ್ಟೆರ್ಮೆಯೆರಳ ಜೀವನವು ಇಂತಹ ವಿಚಾರಣೆಗೆ ಅತ್ಯಂತ ಯೋಗ್ಯವಾದುದು.

ಮೊದಲಿಗೆ ಸ್ಪರ್ಧೆಯ ಹಿನ್ನೆಲೆಯನ್ನು ನೋಡೋಣ. ೧೮೯೬ರ ಆಥೆನ್ಸ್ ಕೂಟದಲ್ಲಿ ಮಹಿಳೆಯರಿಗೆ ಪ್ರವೇಶವೇ ಇರಲಿಲ್ಲ. ಒಲಿಂಪಿಕ್ಸಿನ ಓಟ, ಜಿಗಿತ, ಎಸೆತಗಳಲ್ಲಿ ಅವರಿಗೆ ಸ್ಥಾನ ದೊರೆತದ್ದು ೧೯೨೮ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ. ಅದೂ ಐದೇ ಸ್ಪರ್ಧೆಗಳಲ್ಲಿ. ಎಸೆತಗಳ ಪೈಕಿ ಆಗ ಇದ್ದದ್ದು ಚಕ್ರ ಎಸೆತವೊಂದೇ. ೧೯೩೨ರಲ್ಲಿ ಭರ್ಜಿ ಎಸೆತ ಸೇರಿತು. ಗುಂಡು ಎಸೆತವಾದರೋ ೧೯೪೮ರವರೆಗೆ ಕಾಯಬೇಕಾಯಿತು. ಸ್ತ್ರೀಯರಲ್ಲಿ ಆ ಸಾಮರ್ಥ್ಯವಿರಲಿಲ್ಲವೆಂದು ಇದರಿಂದ ಊಹಿಸುವುದು ತಪ್ಪಾದೀತು. ಜರ್ಮನಿಯ ಗಿಸೆಲಾ ಮೌರ್‌ಮಾಯರ್ ೧೯೩೪ರಲ್ಲಿಯೇ ವಾರ್ಸಾ ನಗರದಲ್ಲಿ ನಾಲ್ಕು ಕಿಲೋಗ್ರಾಮಿನ ಗುಂಡನ್ನು ೧೪.೩೮ ಮೀಟರ್ ದೂರಕ್ಕೆ ಎಸೆದಿದ್ದಳು. ಸಾಮರ್ಥ್ಯವು ಮೊದಲೇ ಇದ್ದಿತು; ಮನ್ನಣೆ ತಡವಾಗಿ ಬಂದಿತು.

ಮಿಶ್‌ಲೀನ್ ಜನಿಸಿದುದು ೧೯೨೨ರ ಡಿಸೆಂಬರ್ ೨೩ರಂದು, ಉತ್ತರ ಫ್ರಾನ್ಸಿನ ರಾಂಗ್-ದು-ಫ್ಲಿಯೆ ಎಂಬ ಊರಿನಲ್ಲಿ. ಮಹಾಕವಿ ವಿಕ್ಟರ್ ಹ್ಯೂಗೋವಿನ ಬಂಧುವರ್ಗಕ್ಕೆ ಸೇರಿದ ಕುಟುಂಬವದು. ಬಾಲ್ಯದಲ್ಲಿ ತಾಯಿಯಿಂದಲೇ ಪಿಯಾನೊ ವಾದನದ ಅಭ್ಯಾಸ ಆರಂಭವಾಯಿತು. ಕುಟುಂಬವು ಟ್ಯುನೀಸಿಯಕ್ಕೆ ಹೋಗಿ ನೆಲಸಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆ ಪ್ಯಾರಿಸಿನ ಪ್ರಸಿದ್ಧ ಸಂಗೀತ ವಿದ್ಯಾಲಯವನ್ನು ಸೇರಿದಳು. ದ್ವಿತೀಯ ಮಹಾಯುದ್ಧವು ಈ ವ್ಯಾಸಂಗಕ್ಕೆ ಭಂಗ ತಂದಿತು. ಟ್ಯುನೀಸಿಯಕ್ಕೆ ಮರಳಿದ ಆಕೆ ಅಲ್ಲಿನ ರೇಡಿಯೋದಲ್ಲಿ ವಾರಕ್ಕೊಮ್ಮೆ ಪಿಯಾನೊ ನುಡಿಸುತ್ತಿದ್ದಳು. ಅದೇ ಕಾಲದಲ್ಲಿ ಕ್ರೀಡಾಸ್ಪರ್ಧೆಗಳಿಗೂ ಇಳಿದಳು. ಹೀಗೆ ಯುದ್ಧಕಾಲದ ವಿಘ್ನವೇ ಎರಡನೆಯ ಸಾಧನೆಗೆ ಬೀಜವಾಯಿತು. ಯುದ್ಧಾನಂತರ ಪ್ಯಾರಿಸಿಗೆ ಹಿಂದಿರುಗಿ ವಿದ್ಯಾಲಯದ ಪ್ರಥಮ ಬಹುಮಾನವನ್ನು ಗಳಿಸಿದಳು. ೧೯೪೬ರಲ್ಲಿ ಆಸ್ಲೋ ನಗರದ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಗುಂಡು ಎಸೆತದ ರಜತಪದಕವೂ ಆಕೆಗೆ ದೊರೆಯಿತು.

ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಆಕೆಯ ಯಶಸ್ಸು ಮೂರು ಬಗೆಯದು. ೧೯೪೮ರ ಜುಲೈ ೩೦ರಂದು ಚಕ್ರ ಎಸೆತದಲ್ಲಿ ೪೧.೯೨ ಮೀಟರ್ ಸಾಧಿಸಿ ಸ್ವರ್ಣವನ್ನು ಗೆದ್ದಳು. ಆಗಸ್ಟ್ ೪ರಂದು ಗುಂಡನ್ನು ೧೩.೭೫ ಮೀಟರ್ ಎಸೆದು ಎರಡನೆಯ ಸ್ವರ್ಣವನ್ನು ಪಡೆದಳು. ಇಟಲಿಯ ಅಮೆಲಿಯಾ ಪಿಚ್ಚಿನೀನಿ ದ್ವಿತೀಯಳಾದಳು. ಮೂರು ದಿನಗಳ ತರುವಾಯ ಎತ್ತರ ಜಿಗಿತದಲ್ಲಿ ೧.೬೧ ಮೀಟರ್ ದಾಟಿ ಕಂಚಿನ ಪದಕಕ್ಕೂ ಪಾತ್ರಳಾದಳು. ಭಾರವನ್ನೆಸೆಯುವ ಬಲವೂ ದೇಹವನ್ನು ಮೇಲಕ್ಕೆ ಚಿಮ್ಮಿಸುವ ಲಾಘವವೂ ಒಬ್ಬಳಲ್ಲಿಯೇ ಕೂಡಿರುವುದು ವಿರಳ. ಗೆಲುವಿನ ಸಂತೋಷವನ್ನು ಆಕೆ ಫ್ರೆಂಚ್ ತಂಡದ ಬಿಡಾರದಲ್ಲಿ ಬೇಟೋವನ್ನನ ಕೃತಿಗಳನ್ನು ನುಡಿಸಿ ಆಚರಿಸಿದಳೆಂಬುದು ಪ್ರಸಿದ್ಧ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಶೀಲಿಸುವುದು ಅವಶ್ಯ. ಲಂಡನ್ ಕೂಟಕ್ಕೆ ಜರ್ಮನಿಗೆ ಆಹ್ವಾನವಿರಲಿಲ್ಲ. ಸೋವಿಯತ್ ಒಕ್ಕೂಟವು ಭಾಗವಹಿಸಲಿಲ್ಲ. ಆಸ್ಲೋವಿನಲ್ಲಿ ಮಿಶ್‌ಲೀನಳನ್ನು ಸೋಲಿಸಿದ್ದವಳು ಸೋವಿಯತ್ ದೇಶದ ತತ್ಯಾನ ಸೆವ್ರ್ಯುಕೋವಾ. ಈಕೆ ೧೯೪೮ರ ಆಗಸ್ಟ್ ತಿಂಗಳಲ್ಲಿಯೇ ಮಾಸ್ಕೋದಲ್ಲಿ ೧೪.೫೯ ಮೀಟರ್ ಎಸೆದು ವಿಶ್ವದಾಖಲೆಯನ್ನು ಸ್ಥಾಪಿಸಿದಳು. ೧೯೫೨ರ ಹೆಲ್ಸಿಂಕಿ ಕೂಟದಲ್ಲಿ ಗಲೀನಾ ಜೀಬಿನಾ ೧೫.೨೮ ಮೀಟರಿನೊಂದಿಗೆ ಗೆದ್ದಾಗ, ಲಂಡನ್ನಿನ ಅಳತೆಯನ್ನು ಒಂದೂವರೆ ಮೀಟರಿಗೂ ಮಿಗಿಲಾಗಿ ಹಿಂದೆ ಹಾಕಿದ್ದಳು. ಹಾಗಾದರೆ ಮಿಶ್‌ಲೀನಳ ಗೆಲುವು ಅಗ್ಗದ್ದೇ? ಹಾಗೆ ತೀರ್ಮಾನಿಸಲಾಗದು. ಕೂಟಕ್ಕೆ ಯಾರು ಬರಬೇಕು, ಯಾರು ಬರಬಾರದು ಎಂಬುದನ್ನು ರಾಜ್ಯಗಳು ನಿರ್ಣಯಿಸಿದವು, ಸ್ಪರ್ಧಿಯಲ್ಲ. ಆದರೆ ಆಕೆಯನ್ನು ಅಂದಿನ ಜಗತ್ತಿನ ಸರ್ವಶ್ರೇಷ್ಠ ಗುಂಡು ಎಸೆತಗಾರ್ತಿಯೆಂದು ಕರೆಯುವುದೂ ಅತಿಶಯೋಕ್ತಿಯೇ. ದಿನದ ಬಹುಪಾಲನ್ನು ಸಂಗೀತಕ್ಕೆ ಮೀಸಲಿಟ್ಟವಳೊಬ್ಬಳು ಗುಂಡು ಎಸೆತದಲ್ಲಿ ಒಲಿಂಪಿಕ್ ಸ್ವರ್ಣವನ್ನು ಗೆಲ್ಲಬಹುದಾಗಿದ್ದ ಅಲ್ಪಕಾಲದ ಪ್ರತಿನಿಧಿ ಆಕೆ. ನಾಲ್ಕೇ ವರ್ಷಗಳಲ್ಲಿ ಆ ಬಾಗಿಲು ಮುಚ್ಚಿತು.

೧೯೫೦ರ ಬ್ರಸೆಲ್ಸ್ ಯೂರೋಪಿಯನ್ ಕೂಟದಲ್ಲಿ ಗುಂಡು ಎಸೆತ ಹಾಗೂ ೮೦ ಮೀಟರ್ ಹರ್ಡಲ್ಸ್ ಓಟಗಳೆರಡರಲ್ಲಿಯೂ ಆಕೆಗೆ ಕಂಚಿನ ಪದಕಗಳು ಲಭಿಸಿದವು. ಬಳಿಕ ಆಕೆ ಸಂಗೀತಕ್ಕೇ ಮರಳಿದಳು. ಆದರೆ ಕ್ರೀಡಾಕೀರ್ತಿಯು ಕಲಾಜೀವನಕ್ಕೆ ನೆರವಾಗದೆ ತೊಡಕಾಯಿತು. ಗುಂಡೆಸೆದ ಕೈಗಳಿಂದ ಸೂಕ್ಷ್ಮವಾದ ನಾದ ಹೊರಡಲಾರದೆಂಬ ಪೂರ್ವಗ್ರಹವನ್ನು ಆಕೆ ಎದುರಿಸಬೇಕಾಯಿತು. ದೇಹಬಲದ ಪ್ರದರ್ಶನವೆಂದು ತೋರೀತೆಂಬ ಶಂಕೆಯಿಂದ ಲಿಸ್ಟ್‌ನ ಕೃತಿಗಳನ್ನು ಆರು ವರ್ಷಗಳ ಕಾಲ ನುಡಿಸದೆ ಬಿಟ್ಟಳು. ಕಛೇರಿಗಳ ತರುವಾಯ ಸಂಗೀತಬೋಧನೆಯಲ್ಲಿ ತೊಡಗಿದ ಆಕೆ ೨೦೦೧ರ ಅಕ್ಟೋಬರ್ ೧೭ರಂದು ನಿಧನಳಾದಳು.

ಸ್ತ್ರೀಯರ ಬಲವನ್ನು ಕ್ರೀಡಾಲೋಕವು ಒಪ್ಪಿಕೊಳ್ಳಲು ಎರಡು ದಶಕಗಳು ಹಿಡಿದವು; ಅದೇ ಬಲವು ಕಲಾಲೋಕಕ್ಕೆ ದೋಷವಾಗಿ ಕಂಡಿತು. ಈ ಎರಡು ಸಂಗತಿಗಳ ಮೂಲವೊಂದೇ: ಬಲವೂ ಸೌಕುಮಾರ್ಯವೂ ಒಂದೆಡೆ ಇರಲಾರವೆಂಬ ನಂಬಿಕೆ. ಮಿಶ್‌ಲೀನಳು ಅದನ್ನು ವಾದದಿಂದಲ್ಲ, ತನ್ನ ಬಾಳಿನಿಂದಲೇ ಅಲ್ಲಗಳೆದಳು. ೧೩.೭೫ ಮೀಟರಿನ ಅಳತೆ ಬಹು ಹಿಂದೆಯೇ ಮೀರಿಹೋಯಿತು. ಆಕೆಯ ಜೀವನವು ಎತ್ತಿದ ಪ್ರಶ್ನೆಯಾದರೋ ಮಹಿಳಾ ಕ್ರೀಡೆಯ ಚರಿತ್ರೆಯನ್ನು ಬರೆಯುವವರೆಲ್ಲರೂ ಉತ್ತರಿಸಬೇಕಾದುದಾಗಿದೆ.