ಮೂಸೆಯ ಮಣ್ಣು

ಹಿಂದೆ ಬೌರಿಂಗ್‌ಪೇಟೆಯೆಂದು ಹೆಸರಾಗಿದ್ದ ಬಂಗಾರಪೇಟೆಯನ್ನು ದಾಟಿ ಗಣಿಗಳ ಕಡೆಗೆ ಹೋಗುವವರು ಚಿನ್ನದ ಮಾತನ್ನೇ ಆಡುವರು. ಅದನ್ನು ಕರಗಿಸಿದ ಪಾತ್ರೆಯನ್ನು ಕುರಿತು ವಿಚಾರಿಸುವವರು ವಿರಳ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಕೆಲಸಕ್ಕೆ ಕೈಯಿಕ್ಕಿದಂದಿನಿಂದ 2001ರಲ್ಲಿ ಗಣಿಗಳು ಮುಚ್ಚುವವರೆಗೆ ದೊರೆತ ಸುಮಾರು 800 ಟನ್ ಹೊನ್ನು ಅಗ್ನಿಮುಖವಾಗಿಯೇ ಹೊರಬಂದುದಷ್ಟೆ. ಹೊನ್ನು ಕರಗುವುದು 1064 ಡಿಗ್ರಿ ಶಾಖದಲ್ಲಿ. ಆಗ ಪಾತ್ರೆಯು ಕರಗಕೂಡದು, ಬಿರಿಯಕೂಡದು, ತನ್ನ ಅಂಶವನ್ನು ಲೋಹದೊಡನೆ ಬೆರೆಸಲೂ ಕೂಡದು.

ಈ ಕಷ್ಟವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ರಸರತ್ನಸಮುಚ್ಚಯದ ಹತ್ತನೆಯ ಅಧ್ಯಾಯದಲ್ಲಿ ವಜ್ರಮೂಷೆಗೆ ಮಣ್ಣು ಮೂರು ಭಾಗ, ಸಣಬು ಮತ್ತು ಲದ್ದಿ ಎರಡು ಭಾಗ, ಸುಟ್ಟ ಹೊಟ್ಟು ಮೊದಲಾದುವು ಒಂದು ಭಾಗ, ಕಬ್ಬಿಣದ ಕಿಟ್ಟ ಅರ್ಧ ಭಾಗವೆಂದು ವಿಧಿಸಿದೆ. ಇದು ಬರಿಯ ಪುಸ್ತಕದ ಮಾತಲ್ಲ. ಚಿತ್ರದುರ್ಗದ ಸೀಮೆಯ ಗಟ್ಟಿಹೊಸಹಳ್ಳಿಯಲ್ಲಿ ಉಕ್ಕನ್ನು ಕರಗಿಸಿದ ಮೂಸೆಗಳ ಚೂರುಗಳು ದೊರೆತಿವೆ; ಅವುಗಳ ಮಣ್ಣಿನಲ್ಲಿಯೂ ಬತ್ತದ ಹೊಟ್ಟು ಸೇರಿದೆ. ಉಕ್ಕಿಗೆ ಬೇಕಾದ ಶಾಖವು ಹೊನ್ನಿನದಕ್ಕಿಂತ ಬಹಳ ಹೆಚ್ಚೆಂಬುದನ್ನು ವಾಚಕರು ಮರೆಯಬಾರದು. ಹೊಟ್ಟು ಸುಟ್ಟರೆ ಇಂಗಾಲವೂ ಮರಳಿನ ಸತ್ತ್ವವಾದ ಸಿಲಿಕವೂ ಉಳಿಯುತ್ತವೆ.

ಅದೇ ಕಷ್ಟವು ನಮ್ಮ ಕಾಲದಲ್ಲಿ ಮೋಟಾರು ಬಂಡಿಯನ್ನು ಎದುರಿಸಿತು. 1950ರಲ್ಲಿ ಇಂಗ್ಲೆಂಡಿನ ರೋವರ್ ಸಂಸ್ಥೆಯವರು ಗ್ಯಾಸ್ ಟರ್ಬೈನಿನಿಂದ ಓಡುವ ಕಾರನ್ನು ತೋರಿಸಿದರು. 1963ರಿಂದ ಅಮೆರಿಕದ ಕ್ರೈಸ್ಲರಿನವರು ಅಂತಹ 50 ಕಾರುಗಳನ್ನು ಪರೀಕ್ಷಾರ್ಥವಾಗಿ ಜನರಿಗೆ ಕೊಟ್ಟರು. ಉರಿಯುವ ಅನಿಲವು ಅಲಗುಗಳನ್ನು ಬಡಿದು ಚಕ್ರವನ್ನು ತಿರುಗಿಸುವ ಈ ಯಂತ್ರದಲ್ಲಿ ಶಾಖವು ಹೆಚ್ಚಿದಷ್ಟೂ ಎಣ್ಣೆಯ ಖರ್ಚು ಕಡಮೆ. ವಿಮಾನದ ದೊಡ್ಡ ಅಲಗುಗಳೊಳಗೆ ತಣ್ಣನೆಯ ಗಾಳಿಯನ್ನು ಹಾಯಿಸಿ ಲೋಹವನ್ನು ಕಾಪಾಡಬಹುದು. ಕಾರಿನ ಪುಟ್ಟ ಅಲಗುಗಳಲ್ಲಿ ಅದು ದುಸ್ಸಾಧ್ಯ, ದುಬಾರಿ. ಆದುದರಿಂದ 1971ರಲ್ಲಿ ಫೋರ್ಡ್ ಸಂಸ್ಥೆಯವರು 1370 ಡಿಗ್ರಿಯ ಗುರಿಯನ್ನಿಟ್ಟುಕೊಂಡು ಸಿಲಿಕನ್ ನೈಟ್ರೈಡ್, ಸಿಲಿಕನ್ ಕಾರ್ಬೈಡ್ ಎಂಬ, ಮಡಕೆಯ ಜಾತಿಯ ದ್ರವ್ಯಗಳಿಗೆ ಶರಣುಹೋದರು.

1975ರಲ್ಲಿ ಅಮೆರಿಕದ ಲೀ ಮತ್ತು ಕಟ್ಲರ್ ಎಂಬ ವಿದ್ವಾಂಸರು ಸಿಲಿಕನ್ ಕಾರ್ಬೈಡನ್ನು ಬತ್ತದ ಹೊಟ್ಟಿನಿಂದಲೇ ಪಡೆದ ಬಗೆಯನ್ನು ಪ್ರಕಟಿಸಿದರು! ಇದನ್ನು ಕೇಳಿ, ನಮ್ಮ ಮೂಸೆಗಾರರಿಗೆ ಎಲ್ಲವೂ ತಿಳಿದಿತ್ತೆಂದು ಜಂಬಪಡುವವರುಂಟು. ಅದು ನನಗೆ ಸಮ್ಮತವಲ್ಲ. ಅವರು ಕಂಡುದು ಹೊಟ್ಟಿನಿಂದ ಮಣ್ಣಿಗೆ ಬರುವ ತಾಳಿಕೆಯನ್ನು. ಇವರು ಕಂಡುದು ಹೊಟ್ಟಿನೊಳಗಿನ ದ್ರವ್ಯವನ್ನು. ಇಬ್ಬರ ಮಾನವೂ ಬೇರೆಬೇರೆಯಾಗಿಯೇ ಇರಲಿ.

ಮಡಕೆಯ ಹಳೆಯ ದೋಷವು ಮಾತ್ರ ಹೊಸ ದ್ರವ್ಯವನ್ನೂ ಬಿಡಲಿಲ್ಲ. ಕೂದಲೆಳೆಯಷ್ಟು ಬಿರುಕಿದ್ದರೂ ಚಕ್ರವು ಒಡೆಯುತ್ತಿತ್ತು. ಟರ್ಬೈನಿನ ಕಾರುಗಳು ಪೇಟೆಗೆ ಬರಲಿಲ್ಲ. 1985ರಲ್ಲಿ ಜಪಾನಿನ ನಿಸ್ಸಾನಿನವರು ಸಾಧಾರಣ ಎಂಜಿನಿಗೆ ಗಾಳಿಯನ್ನೊತ್ತುವ ಪುಟ್ಟ ಟರ್ಬೋ ಚಕ್ರವನ್ನು ಸಿಲಿಕನ್ ನೈಟ್ರೈಡಿನಿಂದ ಮಾಡಿ ಮಾರಿದರು.